ಮದುಮಗಳ ಆಲ್ಬಮ್ಮಿಗೆ ಕೆಂಪು ಕಾಗದ

ಪುತ್ತೂರಿನ ನಮ್ಮ ಬೈಂಡಿಂಗ್ ಅಂಗಡಿಯಲ್ಲಿ ಹೊಲಿಗೆ, ರಟ್ಟು ಎಲ್ಲ ನನ್ನ ಗಂಡನದು; ಎಂಡ್ ಪೇಪರು ನನ್ನದು. ಪುಸ್ತಕ ತೆರೆದ ಕೂಡಲೇ ರಟ್ಟಿನ ಒಳಮೈಗೆ ಅಂಟಿಕೊಂಡು ಕಾಣುವ ಬಣ್ಣದ ಕಾಗದ ಅದು. ಅಚ್ಚಾಗಿ ಬರುವ ಹೂಬಳ್ಳಿಯ ಕಾಗದ ನನಗೆ ಕಂಡರಾಗದು. ಮೈದಾ ಅಂಟಿಗೆ ಬಣ್ಣ ಕಲಸಿ, ಹುಳ ಹಿಡಿಯದಿರಲೆಂದು ತೋಟಕ್ಕೆ ಬಿಡುವ ಮೈಲುತುತ್ತನ್ನೇ ಒಂದು ಚಿಟಿಕೆ ಸೇರಿಸಿ, ದಪ್ಪ ಕಾಗದಕ್ಕೆ ಬಳಿದು, ಹಸಿಯಿರುವಾಗಲೇ ಮುರುಕು ಬಾಚಣಿಗೆಯಲ್ಲೋ ಬೆರಳಲ್ಲೋ ಗೆರೆ ಎಳೆಯುತ್ತಿದ್ದೆ. ಎಳೆದಲ್ಲಿ ಅಂಟು ಸರಿದು ಕಾಗದದ ಬಿಳಿ ಕಾಣುತ್ತದೆ. ಯಾರ ಕೈ ಎಂಬುದನ್ನು ಗೆರೆ ಮುಚ್ಚಿಡುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಆಟಿ ತಿಂಗಳು, ಶುಭಕಾರ್ಯಗಳಿಲ್ಲದ ಆಷಾಢದ ಮಳೆಗಾಲ. ಸವಣೂರು ಕಡೆಯ ಹೆಂಗಸೊಬ್ಬರು ಮದುವೆ ಆಲ್ಬಮ್ ಮಾಡಿಸಲು ಬಂದರು. ಆಟಿಯಲ್ಲಿ ಯಾರಾದರೂ ಮದುವೆ ಇಟ್ಟುಕೊಳ್ಳುತ್ತಾರೆಯೇ? ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ, ಕೇಳಿಯೇಬಿಟ್ಟೆ.

"ಕುಲೆ ಮದುವೆ, ಅಕ್ಕ," ಅಂದರು.

ಮದುವೆಯಾಗದೆ ಸತ್ತವರಿಗೆ ಸತ್ತವರಲ್ಲೇ ಜೋಡಿ ಹುಡುಕಿ ಮಾಡುವ ಮದುವೆ ಅದು. ಅವರ ಹಿರಿಮಗಳು ಆರು ವರ್ಷದವಳಿದ್ದಾಗ ಜ್ವರ ಬಂದು ತೀರಿಹೋಗಿದ್ದಳು. ಈಗ ಕಿರಿಯವಳಿಗೆ ಬಂದ ಸಂಬಂಧಗಳೆಲ್ಲ ಮುರಿದು ಬೀಳುತ್ತಿದ್ದವು. ಜೋಯಿಸರಲ್ಲಿ ಕೇಳಿದರೆ, ಅಕ್ಕನದು ಆಗದೆ ತಂಗಿಯದು ಆಗದು ಎಂದು ಕಂಡುಬಂದಿತ್ತಂತೆ. ಸುಳ್ಯದ ಕಡೆ ಒಂದು ಮನೆಯಲ್ಲಿ ತೀರಿಹೋದ ಹುಡುಗ ಸಿಕ್ಕಿದ್ದ. ಸತ್ತ ಮಕ್ಕಳೂ ಆ ಲೋಕದಲ್ಲಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾರೆ ಎನ್ನುವುದು ನಮ್ಮಲ್ಲಿಯ ನಂಬಿಕೆ. ಆ ಲೆಕ್ಕದಲ್ಲಿ ಹುಡುಗಿ ಮದುವೆಯ ವಯಸ್ಸಿಗೆ ಬಂದಿದ್ದಳು.

"ಆಲ್ಬಮ್ಮಿಗೆ ಫೋಟೊ ಎಲ್ಲಿಂದ ತರ್ತೀರಿ?"

"ಫೋಟೊ ಇಲ್ಲ. ಬದುಕಿರುವಾಗ ಒಂದೂ ತೆಗೆಸಿರ್ಲಿಲ್ಲ. ಒಳಗೆ ಖಾಲಿಯೇ ಇರ್ಲಿ. ನಿಮ್ಮ ಆ ಕಾಗದ ಮಾತ್ರ ಧಾರೆ ಸೀರೆಯ ಬಣ್ಣದಲ್ಲಿ ಚೆಂದ ಮಾಡಿ. ಗಂಡಿನ ಮನೆಗೆ ಕಳಿಸ್ಲಿಕ್ಕೆ ಉಂಟು."

ನನಗೆ ಸಿಟ್ಟು ನೆತ್ತಿಗೇರಿತು. ಸತ್ತವರ ಹೆಸರಲ್ಲಿ ಬದುಕಿದವರನ್ನು ಹೆದರಿಸುವುದು ಎಂದರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಬಯ್ಯಲು ಬಾಯಿ ತೆರೆದವಳು ಅವರ ಮುಖ ನೋಡಿ ಕೆಂಪು ಬಣ್ಣದ ಡಬ್ಬಿ ಇಳಿಸಿದೆ.

ಆಲ್ಬಮ್ಮಿನ ಮುಂಬದಿಯ ರಟ್ಟಿನ ಕಾಗದಕ್ಕೆ, ತಾನೇ ಎಳೆಯುತ್ತೇನೆಂದು ಕೇಳಿಕೊಂಡು, ಅವರೇ ಬೆರಳಿಂದ ಗೆರೆ ಎಳೆದರು. ಹಿಂಬದಿಯದಕ್ಕೆ ನಾನು ಬಾಚಣಿಗೆ ಎಳೆಯುವುದೆಂದು ಮಾತಾಯಿತು. ಅವರು ಬಳೆ ತರಲು ಪೇಟೆಗೆ ಹೋದರು. ನಾನು ಎರಡನೆಯ ಕಾಗದಕ್ಕೆ ಕೆಂಪು ಬಳಿದು ಮುಗಿಸುವಷ್ಟರಲ್ಲಿ ಗಂಡ ಅಂಗಡಿಯ ಹಿಂದಿನ ಮನೆಯಿಂದ ಊಟಕ್ಕೆ ಕರೆದರು. ಮಳೆಗಾಲದ ಥಂಡಿಗೆ ಅಂಟು ಬೇಗ ಒಣಗುವುದಿಲ್ಲವಲ್ಲ ಎಂದು ಕೋಣೆಗೆ ಬೀಗ ಹಾಕಿ ಹೋದೆ.

ಬಂದು ನೋಡಿದರೆ ಕಾಗದದ ಮೇಲೆ ಗೆರೆಗಳಿದ್ದವು.

ಸಣ್ಣ ಕೈಯ ನಾಲ್ಕು ಬೆರಳು. ನೆಟ್ಟಗೆ ಬರುತ್ತ, ನಡುವೆ ನಿಂತು, ಒಂದು ಸುತ್ತು ತಿರುಗಿ ಮತ್ತೆ ಮುಂದೆ ಹೋಗಿದ್ದವು. ಮನೆಯಲ್ಲಿ ಮಕ್ಕಳಿಲ್ಲ. ಕಿಟಕಿ ಮುಚ್ಚಿಯೇ ಇತ್ತು. ಗಂಡನನ್ನು ಕರೆದೆ.

"ಬೆಕ್ಕು ಇರ್ಬೇಕು ಮಾರಾಯ್ತಿ," ಅಂದರು. ನೆಲದಲ್ಲಿ ಕೆಂಪಿನ ಒಂದು ಹನಿಯೂ ಇರಲಿಲ್ಲ. ಅದನ್ನು ಅವರೂ ನೋಡಿದರು. ನೋಡಿ, ಗಿರಾಕಿ ಬಂದರೋ ಏನೋ ಎಂದು ಹೊರಗೆ ಹೋದರು.

ಆ ಹೆಂಗಸು ಬರುವುದರೊಳಗೆ ಬಾಚಣಿಗೆ ಎಳೆದು ಮುಗಿಸಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರು ಬಾಗಿಲಲ್ಲಿ ನಿಂತಿದ್ದರು. ಹೆದರಲಿಲ್ಲ. ಹತ್ತಿರ ಬಂದು ತಮ್ಮ ಬೆರಳುಗಳನ್ನು ಆ ಗೆರೆಗಳ ಮೇಲೆ, ತಾಗದ ಹಾಗೆ ಹಿಡಿದು ಅಳೆದರು.

"ಇಷ್ಟೇ ಉಂಟಲ್ಲ ಅಕ್ಕ," ಅಂದರು. "ಅವಳು ದೊಡ್ಡವಳಾಗಿದ್ದಾಳೆ ಅಂತ ನಾನು ಎಣಿಸಿದ್ದೆ."

"ಹಾಗಾದ್ರೆ ಈ ಮದುವೆ ಬೇಡ ಅಂತ ಹೇಳಿಬಿಡಿ." ಇದನ್ನೆಲ್ಲ ನಂಬದ ನಾನೇ ಹಾಗೆ ಹೇಳಿದ್ದು.

"ಮತ್ತೆ ಕಿರಿಯವಳಿಗೆ ಎಂತ ಹೇಳುದು?"

ಬಳೆಯ ಪೊಟ್ಟಣವನ್ನು ಎಡಗೈಗೆ ದಾಟಿಸಿಕೊಂಡರು. ಆಮೇಲೆ ಬಲಗೈ ಊರಿ, ಮಗು ಮಲಗಿದಾಗ ಬೆನ್ನು ಸವರುವಷ್ಟು ಮೆಲ್ಲಗೆ, ಗೆರೆಗಳನ್ನೆಲ್ಲ ಸವರಿ ಅಳಿಸಿದರು. ಒಂದೂ ಉಳಿಯಲಿಲ್ಲ.

"ಇನ್ನು ನೀವು ಎಳೀರಿ. ಬಾಚಣಿಗೆ ಬೇಡ, ಕೈಯಲ್ಲೇ ಎಳೀರಿ. ಮದುಮಗಳು ದೊಡ್ಡವಳು ಅಂತ ಗಂಡಿನ ಮನೆಯವರಿಗೆ ಕಾಣ್ಲಿ."

ಎಳೆದೆ. ಅಷ್ಟು ಕೆಟ್ಟ ಗೆರೆ ನನ್ನ ಕೈಯಿಂದ ಬಂದದ್ದು ಅದೊಂದೇ ಸಲ. ಆ ಮಗುವಿನ ಮದುವೆ ನಡೆಯಿತು. ಮುಂದಿನ ವರ್ಷ ಕಿರಿಯವಳದ್ದೂ ಆಯಿತೆಂದು ಕೇಳಿದೆ.

ಅವತ್ತು ಕೈ ತೊಳೆಯಲು ನೀರು ಕೊಟ್ಟರೆ ಅವರು ಬೇಡ ಅಂದರು. ಬಳೆಯ ಪೊಟ್ಟಣ ಎಡಗೈಯಲ್ಲಿ ಹಿಡಿದು ಬಸ್ಸಿನ ಕಡೆ ನಡೆದರು. ಕೆಂಪಾದ ಬಲಗೈಯನ್ನು ತುಸು ಮಡಚಿ, ಸೊಂಟಕ್ಕಿಂತ ಕೆಳಗೆ ಇಳಿಬಿಟ್ಟಿದ್ದರು. ಹೆಜ್ಜೆಯನ್ನೂ ಸಣ್ಣದು ಮಾಡಿಕೊಂಡಿದ್ದರು, ಕೈ ಹಿಡಿದು ಪಕ್ಕದಲ್ಲಿ ಬರುವವರಿಗೆ ಸರಿಯಾಗಿ.