ನೀಲಿ ಜೀನಿನ ಮಣ್ಣಿನ ಕುದುರೆ

ಹರಕೆ, ಪವಾಡ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ಪ್ರಯೋಗಾಲಯದಲ್ಲಿ ದುಡಿಯುವವಳಿಗೆ ಅದೆಲ್ಲ ಯಾಕೆ ಎಂಬ ಜಂಬ ಬೇರೆ. ಈಗ ನಗುವುದನ್ನು ಬಿಟ್ಟಿದ್ದೇನೆ, ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಜರ್ಮನಿಯ ಎರ್ಲಾಂಗೆನ್ನಿನಲ್ಲಿ ನಮ್ಮ ಮೇಲಿನ ಮನೆಗೆ ಇಂಫಾಲದ ಲೈಮಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಿದ್ದಳು. ಆಗ ನನ್ನ ಮಗಳು ಇಂಚರಾಳಿಗೆ ಆರು ವರ್ಷ, ಸೈಕಲ್ ಎಂದರೆ ಹೆದರಿಕೆ. ಇಡೀ ಬೇಸಿಗೆ ಸೀಟು ಹಿಡಿದು ಹಿಂದೆ ಓಡಿ ಸೊಂಟ ನೋಯಿಸಿಕೊಂಡವಳು ನಾನು. ಒಂದೇ ವಾರದಲ್ಲಿ ಕಲಿಸಿದವಳು ಲೈಮಾ. ಆಮೇಲೆ ಮಗಳ ಬಾಯಲ್ಲಿ ಮೂರು ಹೊತ್ತೂ ‘ಇಚೆ, ಇಚೆ.’ ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ನನ್ನ ಕನ್ನಡಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುವ ಹುಡುಗಿ ಅವಳ ಹತ್ತಿರ ಮಣಿಪುರಿ ಕಲಿಯುತ್ತಿದ್ದಳು! ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕೆ ಬೇರೆ ಹೆಸರು ಯಾಕೆ?

ಲೈಮಾಳ ಊರಿನ ಬಳಿ ಹೈಂಗಾಂಗ್ ಎಂಬ ಬೆಟ್ಟವಿದೆ. ಅಲ್ಲಿಯ ದೇವರು ಮಾರ್ಜಿಂಗ್. ಕುದುರೆಗೂ ಪೋಲೋ ಆಟಕ್ಕೂ ಅವನೇ ಒಡೆಯ. ಜನ ಅವನಿಗೆ ಪುಟ್ಟ ಕುದುರೆಗಳನ್ನು ಒಪ್ಪಿಸುತ್ತಾರಂತೆ.

“ಸೈಕಲ್ಲೂ ಸವಾರಿನೇ ಅಲ್ವಾ ದೀದಿ? ರಜೆಗೆ ಹೋದಾಗ ಇವಳ ಹೆಸರಲ್ಲಿ ಒಂದು ಕುದುರೆ ಇಟ್ಟು ಬರ್ತೀನಿ” ಎಂದಳು ಲೈಮಾ. ಮಗಳ ಕೈಯಿಂದಲೇ ಮಣ್ಣಿನ ಕುದುರೆ ಮಾಡಿಸಿದಳು. ಒಂದು ಕಿವಿ ಸೊಟ್ಟ. ಬೆನ್ನ ಮೇಲೆ ನನ್ನ ನೀಲಿ ನೇಲ್ ಪಾಲಿಶ್‌ನಲ್ಲಿ ಬರೆದ ಜೀನು. ಪಾಲಿಶ್ ಮುಗಿದುಹೋದದ್ದರಿಂದ ಮೂರೇ ಗೊರಸುಗಳಿಗೆ ಬಣ್ಣ.

ಒಣಗಲೆಂದು ಅದು ನಮ್ಮ ಮನೆಯಲ್ಲಿತ್ತು. ಅವಳು ಹೊರಡುವ ಹಿಂದಿನ ದಿನ ಅದನ್ನು ಪೇಪರಿನಲ್ಲಿ ಸುತ್ತಿ, ನೆಲಮಾಳಿಗೆಯ ನಮ್ಮ ಕೆಲ್ಲರ್ ಕೋಣೆಯಲ್ಲಿ ಹಳೆ ಶೂ ಡಬ್ಬಕ್ಕೆ ಹಾಕಿ ಬೀಗ ಜಡಿದೆ. “ಒಡೆದುಹೋಯ್ತು” ಎಂದೆ. ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅತ್ತದ್ದೂ ಲೈಮಾಳ ಕುತ್ತಿಗೆ ತಬ್ಬಿಕೊಂಡೇ.

ಹತ್ತು ದಿನಗಳ ಮೇಲೆ, ಊಟದ ಹೊತ್ತಿಗೆ, ಬೆಟ್ಟದಿಂದ ಒಂದು ಫೋಟೋ ಬಂತು. ಜೊತೆಗೆ ಲೈಮಾಳ ಧ್ವನಿ: “ದೀದಿ, ನೋಡಿ, ಇಂಚರಾ ಮಾಡಿದ ಥರದ್ದೇ ಒಂದನ್ನ ಯಾರೋ ಇಲ್ಲಿ ಇಟ್ಟಿದಾರೆ!”

ಸೊಟ್ಟ ಕಿವಿ. ನೀಲಿ ಜೀನು. ಗೊರಸುಗಳನ್ನು ಎಣಿಸಿದೆ, ಮೂರೇ ನೀಲಿ.

ಕೆಳಗೆ ಓಡಿದೆ. ಬೀಗ ಹಾಕಿದಂತೆಯೇ ಇತ್ತು. ಬೀಗದ ಕೈ ನನ್ನ ಗೊಂಚಲಿನಲ್ಲಿ. ಡಬ್ಬದಲ್ಲಿ ನಾನು ಸುತ್ತಿದ್ದ ಪೇಪರು ಮಾತ್ರ ಉಳಿದಿತ್ತು. ನಿಜ ಹೇಳುತ್ತೇನೆ, ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆಯುರಿಯೇ: ದೇವರೂ ಅವಳ ಕಡೆಗೇ ಸೇರಿಕೊಂಡನಲ್ಲ!

ಮೇಲೆ ಬಂದರೆ ಮಗಳು ಫೋನ್ ಹಿಡಿದು ಕುಣಿಯುತ್ತಿದ್ದಳು. “ದಾಸ್ ಇಸ್ಟ್ ಮೈನ್ಸ್!” ಇದು ನನ್ನದೇ, ಇಚೆ ಅದನ್ನು ಜೋಡಿಸಿ ಒಯ್ದಿದ್ದಾಳೆ ಎಂದಳು.

ಅದು ಹೇಗೆ ಹೋಯಿತೋ ನನಗೆ ಇವತ್ತಿಗೂ ತಿಳಿಯದು. ಯಾರನ್ನಾದರೂ ಕೇಳೋಣವೆಂದರೆ, ಅದು ಒಡೆದಿರಲೇ ಇಲ್ಲವೆಂದು ಮೊದಲು ಒಪ್ಪಿಕೊಳ್ಳಬೇಕು. ಮಗಳಿಗೆ ಈಗ ಒಂಬತ್ತು. ಇಚೆ ತನ್ನ ಕುದುರೆಯನ್ನು ಬೆಟ್ಟ ಹತ್ತಿಸಿದ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಪಕ್ಕದಲ್ಲಿ ನಿಂತು ಹೌದು ಹೌದು ಎನ್ನುತ್ತೇನೆ.