ಮೀಟರು ತೋರಿಸಿದ ಐವತ್ತು ವೋಲ್ಟ್

೧೯೯೬ರಲ್ಲಿ ನಾನು ನಾಗಮಂಗಲದ ದೇವಲಾಪುರದ ಕಡೆಯ ಒಂದು ಹಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಮಾತು ಹೋಗುವ ತಂತಿಯಲ್ಲೇ ಫೋನಿಗೆ ಬೇಕಾದ ವಿದ್ಯುತ್ತನ್ನೂ ನಾವೇ ಕಳಿಸುತ್ತಿದ್ದೆವು. ಊರಲ್ಲಿ ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ದಿನಾ ಬೆಳಿಗ್ಗೆ ಎಂಟಕ್ಕೆ ಒಂದೊಂದು ಲೈನಿಗೂ ಮೀಟರು ಹಿಡಿಯುತ್ತಿದ್ದೆ. ಐವತ್ತು ವೋಲ್ಟ್ ಬಂದರೆ ರಿಜಿಸ್ಟರಿನಲ್ಲಿ ‘ಸರಿ’ ಎಂದು ಬರೆಯುತ್ತಿದ್ದೆ. ಒಂದು ದಿನವೂ ತಪ್ಪಿಸಿದವನಲ್ಲ.

ಒಂದು ಸೋಮವಾರ ಜಯಮ್ಮ ಎಂಬುವರು ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದೇ ಬಂದರು.

“ಸಾ, ನಮ್ಮನೆ ಫೋನು ಉಸ್ರೇ ಬುಡ್ತಿಲ್ಲ. ಸಂತೆಬಾಚಹಳ್ಳಿಯಿಂದ ನಮ್ಮಣ್ಣ ಈ ವಾರ ಮಾಡ್ತಾನೆ, ಒಸಿ ನೋಡಿ.”

ಜಮೀನಿನ ಜಗಳದಲ್ಲಿ ಅಣ್ಣತಂಗಿ ಆರು ವರ್ಷ ಮಾತು ಬಿಟ್ಟಿದ್ದರು. ಈಗ ಅಣ್ಣನ ಮಗಳ ಮದುವೆ. ಸೋದರತ್ತೆ ಅರಿಶಿನ ಹಚ್ಚಬೇಕು. ‘ಫೋನಲ್ಲೇ ಕರೀತೀನಿ, ಎತ್ತದಿದ್ರೆ ಅವಳ ದಾರಿ ಅವಳಿಗೆ’ ಎಂದು ಅವನು ಹೇಳಿ ಕಳಿಸಿದ್ದನಂತೆ.

“ಇಲ್ಲಿಂದ ನೀವೇ ಅವರಿಗೆ ಫೋನು ಮಾಡಿ” ಎಂದೆ.

“ಕರೀದೆ ನಾನೇ ಬತ್ತೀನಿ ಅನ್ನಕಾಯ್ತದಾ ಸಾ?”

ಮೀಟರು ಹಿಡಿದೆ. ಐವತ್ತು. “ಲೈನು ಸರಿಯಾಗಿದೆಯಮ್ಮ. ದೂರು ಬರೆಸಿ, ಸರದಿ ಬಂದಾಗ ನೋಡ್ತೀವಿ” ಎಂದೆ.

ಲೈನ್‌ಮ್ಯಾನ್ ಸಿದ್ದೇಗೌಡ ಅಲ್ಲೇ ಇದ್ದ. “ಸೈಕಲ್ ತುಳಿದ್ರೆ ಅರ್ಧ ಗಂಟೆ. ಓಗಿ ಬತ್ತೀನಿ ಬುಡಿ ಸಾ.”

“ಮೀಟರೇ ಸರಿ ಅಂದ ಮೇಲೆ ಓಡಾಟ ಯಾಕೆ? ಆ ಕಡೆ ಸರದಿ ಗುರುವಾರ” ಎಂದು ತಡೆದೆ.

ಬುಧವಾರ ಜಯಮ್ಮ ಮತ್ತೆ ಬಂದರು. ರಿಜಿಸ್ಟರು ತೆಗೆದು ಮೂರು ದಿನದ ‘ಸರಿ’ಯನ್ನು ಬೆರಳಿಟ್ಟು ತೋರಿಸಿದೆ.

“ನಿಮ್ ಪುಸ್ತಕ ಚೆಂದಾಗೈತೆ ಸಾ. ಅದ್ನೇ ಕಿವಿಗಿಟ್ಕಂಡು ಮಾತಾಡ್ಲಾ?” ಎಂದು ಹೊರಟುಹೋದರು.

ಗುರುವಾರ ಸಿದ್ದೇಗೌಡ ಹೋಗಿ ನೋಡಿದರೆ, ಅವರ ಹಿತ್ತಿಲ ಹೊಂಗೆ ಮರದೊಳಗೆ ತಂತಿ ತುಂಡಾಗಿತ್ತು. ಲೈನು ಸರಿಯಿದ್ದರೆ, ಮನೆಯಲ್ಲಿ ಫೋನು ಎತ್ತಿದಾಗ ಆ ಐವತ್ತು ವೋಲ್ಟ್ ಹತ್ತರ ಹತ್ತಿರಕ್ಕೆ ಇಳಿಯಬೇಕು. ತುಂಡಾದ ಲೈನಿನಲ್ಲಿ ಎತ್ತಿದರೂ ಪೂರಾ ಐವತ್ತೇ ನಿಂತಿರುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಜಯಮ್ಮನನ್ನು ಮನೆಗೆ ಕಳಿಸಿ ಫೋನು ಎತ್ತಿಸಿ ಮೀಟರು ನೋಡಿದ್ದರೆ ಸೋಮವಾರವೇ ತಿಳಿಯುತ್ತಿತ್ತು.

ಫೋನು ಸರಿಯಾಯಿತು. ಅಣ್ಣನ ಕರೆ ಮಾತ್ರ ಬರಲಿಲ್ಲ. ಮದುವೆ ಮುಗಿದ ಮೇಲೆ ಅವನ ಮಾತು ಊರವರ ಬಾಯಿಂದ ಬಂತು: “ಮೂರು ದಿನ ಮಾಡ್ದೆ. ಗಂಟೆ ಒಡೀತಾನೇ ಇತ್ತು. ಬೇಕಂತ್ಲೇ ಎತ್ನಿಲ್ಲ ಅವ್ಳು.” ಆ ಗಂಟೆ ಕೇಳಿಸಿದ್ದು ಸುಳ್ಳಲ್ಲ. ಈ ಕಡೆ ತಂತಿ ತುಂಡಾಗಿದ್ದರೂ, ಕರೆ ಮಾಡಿದವರ ಕಿವಿಗೆ ಎಕ್ಸ್‌ಚೇಂಜು ಗಂಟೆಯ ಸದ್ದು ಕಳಿಸುತ್ತಲೇ ಇರುತ್ತದೆ.

ಜಯಮ್ಮ ಕೊನೆಯ ಸಲ ಬಂದಾಗ ಒಂದು ಚೀಟಿ ಕೊಟ್ಟರು. ಅದರಲ್ಲಿ ಅಣ್ಣನ ನಂಬರಿತ್ತು. “ನಾನೇಳಿದ್ರೆ ನಂಬಾಕಿಲ್ಲ ಸಾ. ತಂತಿ ಕಿತ್ತೋಗಿತ್ತು ಅಂತ ನೀವೊಂದ್ ಮಾತು ಏಳಿ.”

“ಆಗಲಮ್ಮ” ಎಂದೆ. ಹಾಗೆ ಹೇಳಬೇಕಾದರೆ ನನ್ನ ರಿಜಿಸ್ಟರು ತಪ್ಪು ಎಂದು ನಾನೇ ಒಪ್ಪಬೇಕಿತ್ತು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಪಾಂಡವಪುರಕ್ಕೆ ವರ್ಗವಾಯಿತು.

ಅಲ್ಲಿ ಮೀಟರು ಏನೇ ಹೇಳಲಿ, ದೂರು ಬಂದ ದಿನವೇ ಲೈನ್‌ಮ್ಯಾನನ್ನು ಕಳಿಸುತ್ತಿದ್ದೆ. ಅವನಿಲ್ಲದಿದ್ದರೆ ನಾನೇ ಸೈಕಲ್ ತುಳಿಯುತ್ತಿದ್ದೆ. ನಿವೃತ್ತಿಯವರೆಗೆ ಎಷ್ಟು ಜನರ ಮನೆಯಲ್ಲಿ ಕೂತು, ಫೋನು ಎತ್ತಿ, ‘ಕೇಳಿಸ್ತಿದೆಯಾ?’ ಎಂದೆನೋ ಲೆಕ್ಕವಿಲ್ಲ. ಆ ಚೀಟಿಯ ನಂಬರಿಗೆ ಮಾತ್ರ ಒಮ್ಮೆಯೂ ಮಾಡಲಿಲ್ಲ.