ಕೈಗೆ ಹತ್ತದ ಬಳೆ

ಮೊಮ್ಮಕ್ಕಳೇ, ಮಲ್ಲು, ಸುಜಾತಾ, ಶಹಾಪುರದ ಗ್ಯಾರೇಜಿನಲ್ಲಿ ಮೌಲಾ ಮಿಸ್ತ್ರಿ ಬೋಲ್ಟ್ ಬಿಗಿಯುವ ಪಾನಾ ಎತ್ತಿದಾಗ ನಾನು ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಿಂತಿದ್ದೆ. ತಾನೇ ಗೇರು ಬದಲಿಸುವ ಆ ಹಳೇ ಕಾರನ್ನು ಕಾಲುವೆ ಕಟ್ಟಿಸಲು ಬಂದಿದ್ದ ಸಾಹೇಬರು ಊರು ಬಿಡುವಾಗ ನಿಮ್ಮ ಅಜ್ಜನಿಗೆ ಕೊಟ್ಟುಹೋಗಿದ್ದರು. ಅಜ್ಜ ತೀರಿ ನನ್ನ ಕೈಬಳೆ ಒಡೆದ ಮೇಲೆ ಅವರ ನೆನಪಿಗೆ ಉಳಿದದ್ದು ಅದೊಂದೇ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವಿನ ಟಾರ್ಕ್ ಕನ್ವರ್ಟರ್ ಕೆಟ್ಟಿತ್ತು. ಮೌಲಾ ಹೈದರಾಬಾದಿನಿಂದ ಎರಡು ತರಿಸಿದ್ದ. ಒಂದು ಫಳಫಳ ಹೊಳೆಯುತ್ತಿತ್ತು, ಇನ್ನೊಂದಕ್ಕೆ ತುಕ್ಕು. ಹೊಳೆಯುವುದನ್ನೇ ಕೂಡಿಸಿದ. ಅದು ಬೆರಳಗಲ ಹೊರಗುಳಿಯಿತು. ಒತ್ತಿದರೆ ಒಳಗಿನ ಪಂಪ್ ಒಡೆದು ಕಾರು ಗುಜರಿಗೇ.

“ಬೋಲ್ಟ್ ಬಿಗದ್ರ ತಾನ ಕುಂದರ್ತದ್ರೀ ಅಕ್ಕಾ.”

“ಕೈಗೆ ಹತ್ತದ ಬಳಿ ಬಡದು ಏರ್ಸಿದ್ರ ಏನಾಗ್ತದ, ಭಾಯಿ?” ಎಂದು ಸೆರಗಿನಿಂದ ಕೈ ಹೊರತೆಗೆದು ತೋರಿಸಿದೆ.

ಅವನು ನನ್ನ ಬರಿಗೈ ನೋಡಿ ಪಾನಾ ಕೆಳಗಿಟ್ಟ. ಸೆರಗಿನ ದಾರ ಕಿತ್ತು, ಬಿಚ್ಚಿದ ಹಳೆಯದು, ತರಿಸಿದ ಎರಡು, ಹೀಗೆ ಮೂರರ ಕುತ್ತಿಗೆಯನ್ನೂ ಅಳೆದೆವು. ತುಕ್ಕಿನದೇ ಹಳೆಯದಕ್ಕೆ ಸಮ. ಟಕ್ಕೆಂದು ಕೂತಿತು.

ಅಂದಿನಿಂದ ನಾನು ಯಾರೆದುರಿಗೂ ಬರಿಗೈ ಮುಚ್ಚಿಕೊಂಡಿಲ್ಲ. ಆ ದಾರ ನಿಮಗೆ ಬರೆದ ಈ ಹಾಳೆಗಳ ನಡುವೆ ಇದೆ. ದಾರ, ಹಾಳೆ ಎರಡನ್ನೂ ಜೋಪಾನ ಮಾಡಿರಿ.